ಕೂಗುವವ ಮರವನ್ನೇ ನೋಡಬೇಕು

ಒಂದು ಹೊಳೆ. ಹೊಳೆಯ ದಂಡೆಗೊಂದು ಆಶ್ರಮ. ಆಶ್ರಮಕ್ಕೊಬ್ಬರು ಹಾಲಯ್ಯಜ್ಜ. ಆ ಕಡೆ ಗುರುಗಳನ್ನು ಅಜ್ಜ ಎಂದೇ ಕರೆಯುತ್ತಾರೆ. ಮನಸ್ಸಿಗೆ ನೆಮ್ಮದಿ ಸಿಗಲು ಇಷ್ಟು ಸಾಕಿತ್ತು. ಆದರೆ ಅಲ್ಲಿ ಅಡಿವೆಪ್ಪನೂ ಇದ್ದ.

ಅಡಿವೆಪ್ಪ ಅಜ್ಜನ ಶಿಷ್ಯ. ವಯಸ್ಸು ಮೂವತ್ತೈದು ದಾಟಿತ್ತು. ದುಡಿಯುವ ಮೈ, ಚುರುಕು ಕಣ್ಣು, ಮೆತ್ತನೆಯ ಮನಸ್ಸು. ತೊಂದರೆ ಇದ್ದದ್ದು ಬಾಯಿಯದು. ಬೆಳಿಗ್ಗೆ ಕಾಗೆಗಿಂತ ಮೊದಲು ಶುರುವಾದ ಮಾತು, ಕಪ್ಪೆಗಳು ಸುಸ್ತಾದ ಮೇಲೂ ನಿಲ್ಲುತ್ತಿರಲಿಲ್ಲ.

ಒಂದು ದಿನ ಅವನು ಅಜ್ಜನ ಎದುರು ಬಂದು ಕೈ ಮುಗಿದು ನಿಂತ.

“ಅಜ್ಜಾರ, ನಲವತ್ತೆಂಟು ದಿನ ಮೌನ ಹಿಡೀತೇನ್ರಿ.”

“ಯಾಕ?”

“ಬಾಯಿ ಸೋಲಬೇಕ್ರಿ.”

“ಬಾಯಿ ಸೋತ್ರ ಗೆಲ್ಲೋರು ಯಾರು?”

ಈ ವ್ರತವನ್ನು ಅಡಿವೆಪ್ಪ ಹಿಂದೆ ಎರಡು ಸಲ ಹಿಡಿದಿದ್ದ. ಮೊದಲನೆಯ ಸಲ ಮೂರನೆಯ ದಿನಕ್ಕೆ ಹಾಲು ಉಕ್ಕಿತೆಂದು ಕೂಗಿದ್ದ. ಎರಡನೆಯ ಸಲ ಹನ್ನೊಂದನೆಯ ದಿನ ಯಾರೋ ಪುರಾಣದ ಕಥೆಯನ್ನು ತಪ್ಪಾಗಿ ಹೇಳಿದರು; ತಿದ್ದದೆ ಇರಲು ಆಗಲಿಲ್ಲ. ಆಶ್ರಮದವರೆಲ್ಲ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಿದ್ದರು.

“ಈ ಸಲ ಸನ್ನೀನೂ ಮಾಡೂದಿಲ್ಲ, ಬರಿಯೂದೂ ಇಲ್ಲರಿ” ಎಂದ.

“ಅಷ್ಟು ಬಿಗಿ ಯಾಕಪ್ಪ?”

“ಬಿಗಿ ಇದ್ರನ ವ್ರತರಿ, ಅಜ್ಜಾರ.”

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟರು. ಬೇಡ ಎನ್ನಲಿಲ್ಲ.

ಆಶ್ರಮದ ಅಂಗಳದಲ್ಲಿ ಒಂದು ಹೊಳೆಮತ್ತಿ ಮರವಿತ್ತು. ನಾಲ್ಕು ಜನ ಕೈ ಕೈ ಹಿಡಿದು ನಿಂತರೂ ತಬ್ಬಲಾಗದ ಮರ. ಅಜ್ಜನಿಗೆ ಅಜ್ಜನಾದವರ ಕಾಲಕ್ಕೂ ಅದು ಹಾಗೇ ದೊಡ್ಡದಾಗಿತ್ತಂತೆ. ಪಾಠ, ಪ್ರವಚನ, ದಾಸೋಹದ ಪಂಕ್ತಿ, ದಾರಿಹೋಕರ ಮಧ್ಯಾಹ್ನದ ನಿದ್ದೆ, ಎಲ್ಲ ಅದರ ನೆರಳಲ್ಲೇ ನಡೆಯುತ್ತಿತ್ತು. ಆ ಅಂಗಳ ಗುಡಿಸುವುದು ಅಡಿವೆಪ್ಪನ ಸೇವೆ.

ಅಡುಗೆಯ ಬಾಳವ್ವ ಮಧ್ಯಾಹ್ನ ಅದೇ ನೆರಳಿಗೆ ಮೊರ ತಂದುಕೊಂಡು ಜೋಳ ಹಸನು ಮಾಡುತ್ತಿದ್ದಳು. ಐವತ್ತರ ಹೆಂಗಸು, ಗಂಡನಿಲ್ಲ, ಮಕ್ಕಳಿಲ್ಲ. ಅಡಿವೆಪ್ಪನನ್ನು ತಮ್ಮ ಎಂದು ಕರೆಯುತ್ತಿದ್ದಳು, ತಮ್ಮನಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದಳು. ವ್ರತದ ದಿನಗಳಲ್ಲಿ ಅವನಿಗೆ ಗಂಜಿಯ ಬಟ್ಟಲನ್ನು ಅಲ್ಲಿಗೇ ತಂದುಕೊಡುತ್ತಿದ್ದಳು.

“ನೀ ಮಾತಾಡಬ್ಯಾಡ ತಮ್ಮಾ, ನಾನೂ ಮಾತಾಡೂದಿಲ್ಲ” ಎನ್ನುವಳು. ಆಮೇಲೆ ಒಂದು ತಾಸು ಮಾತಾಡುವಳು.

ಮೂವತ್ತಾರನೆಯ ದಿನ ಗುಡಿಸುವಾಗ ಅಡಿವೆಪ್ಪನಿಗೆ ಮರದ ಬುಡದಲ್ಲಿ ಪುಡಿ ಕಂಡಿತು. ಗೋಧಿ ಹಿಟ್ಟಿನಂಥ ನುಣುಪು ಪುಡಿ. ತೊಗಟೆಯ ಒಂದು ಸಂದಿನಿಂದ ಉದುರಿತ್ತು.

ಗುಡಿಸಿ ಹಾಕಿದ.

ಮೂವತ್ತೆಂಟನೆಯ ದಿನ ಅದೇ ಕಡೆ ಅಣಬೆ ಎದ್ದಿತ್ತು. ಮೆತ್ತನೆಯ ಕೊಡೆಯಣಬೆಯಲ್ಲ. ಗೋಡೆಗೆ ಹಲಗೆ ಬಡಿದ ಹಾಗೆ ಒಂದರ ಮೇಲೊಂದು ಕೂತ, ಕಟ್ಟಿಗೆಯಷ್ಟೇ ಗಟ್ಟಿಯಾದ ಅಣಬೆ. ಅಂಗಳ ಸ್ವಚ್ಛವಿರಬೇಕಲ್ಲ. ಕಿತ್ತು ಹೊಳೆಗೆ ಎಸೆದ.

ನಲವತ್ತೊಂದನೆಯ ದಿನ ಬೇರಿನ ಪಕ್ಕದ ನೆಲ ಬಿರಿದಿತ್ತು. ಕಾಲಿನಿಂದ ಮಣ್ಣು ಎಳೆದು ತುಳಿದು ಸಮ ಮಾಡಿದ.

ತಿಳಿಯಲಿಲ್ಲವೆಂದಲ್ಲ. ಅವನ ಅಪ್ಪ ಬಂಡಿ ಮಾಡುವ ಬಡಿಗ. ಹುಳುಕು ಕಟ್ಟಿಗೆಯ ಪುಡಿ ಹೇಗಿರುತ್ತದೆಂದು ಅಡಿವೆಪ್ಪ ಅಂಬೆಗಾಲಿಡುವಾಗಲೇ ಕಂಡಿದ್ದ. ಆದರೂ ಕತ್ತೆತ್ತಿ ಮೇಲೆ ನೋಡಿದ. ಎಲೆ ಹಸಿರಾಗಿತ್ತು. ‘ಇಷ್ಟು ವರ್ಷ ನಿಂತ ಮರ ಇನ್ನೊಂದು ವಾರ ನಿಲ್ಲುವುದಿಲ್ಲವೇ? ವ್ರತ ಮುಗಿದ ದಿನ ಮೊದಲು ಇದನ್ನೇ ಹೇಳುತ್ತೇನೆ’ ಎಂದುಕೊಂಡ. ಬಾಯಿ ಮುಚ್ಚಿದ್ದವನಿಗೆ ತನ್ನೊಂದಿಗೆ ತಾನೇ ವಾದ ಮಾಡಲು ಬೇಕಾದಷ್ಟು ಹೊತ್ತಿತ್ತು.

ನಲವತ್ತಮೂರನೆಯ ದಿನ. ಮಧ್ಯಾಹ್ನ. ಎಲೆ ಅಲುಗದಷ್ಟು ಸೆಕೆ.

ಬಾಳವ್ವ ಮೊರ ಹಿಡಿದು ಕೂತಿದ್ದಳು. ಹತ್ತು ಮಾರು ದೂರದಲ್ಲಿ ಅಡಿವೆಪ್ಪ ಗಂಜಿ ಕುಡಿಯುತ್ತಿದ್ದ.

ಮೇಲೆ ಕಿರ್ರ್ ಎಂದಿತು.

ಅಡಿವೆಪ್ಪ ತಲೆಯೆತ್ತಿದ. ಬಾಯಿ ತೆರೆದ. ಆ ಕ್ಷಣ ಅವನ ತಲೆಯಲ್ಲಿ ನಲವತ್ತಮೂರು ಎಂಬ ಲೆಕ್ಕ ಬಂತು. ಬಾಯಿ ಮುಚ್ಚಿತು. ಒಂದು ಉಸಿರಿನಷ್ಟು ಹೊತ್ತು.

ಕೊಂಬೆ ಬಿತ್ತು.

“ಬಾಳಕ್ಕಾ!” ಎಂದು ಅವನು ಕಿರುಚಿದ್ದು ಆಚೆ ದಡಕ್ಕೂ ಕೇಳಿಸಿತು.

ಜನ ಓಡಿ ಬಂದರು, ಕೊಂಬೆ ಎತ್ತಿದರು. ಬಾಳವ್ವನ ಜೀವಕ್ಕೆ ಏನೂ ಆಗಿರಲಿಲ್ಲ. ಎಡಗಾಲಿನ ಎಲುಬು ಎರಡು ಕಡೆ ಮುರಿದಿತ್ತು. ಬಾಗಿಲನ್ನೇ ಕಿತ್ತು ಅದರ ಮೇಲೆ ಮಲಗಿಸಿ ಪಟ್ಟಣದ ಆಸ್ಪತ್ರೆಗೆ ಒಯ್ದರು.

ಸಂಜೆ ಎಲ್ಲರೂ ಅಡಿವೆಪ್ಪನ ಬೆನ್ನು ತಟ್ಟಿದರು.

“ವ್ರತ ಮುರಿದ್ರೂ ಚಿಂತಿಲ್ಲಂತ ಕೂಗಿದಲ್ಲಪ್ಪಾ. ದೊಡ್ಡ ಮನಸ್ಸು ನಿಂದು.”

ಅಡಿವೆಪ್ಪನಿಗೆ ಈಗ ವ್ರತವೂ ಇರಲಿಲ್ಲ, ಮಾತೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜ ಕೊಡಲಿ ಹಿಡಿದು ಮರದ ಬಳಿ ಬಂದರು. ಕೊಡಲಿಯ ಬೆನ್ನಿನಿಂದ ಬೊಡ್ಡೆಯನ್ನು ತಟ್ಟಿ, ಕಿವಿಯಿಟ್ಟು ಕೇಳುತ್ತ ಸುತ್ತಿದರು.

ಹೊಳೆಯ ಕಡೆ ಖಣ್ ಎಂದಿತು. ಬಾಗಿಲ ಕಡೆಯೂ ಖಣ್ ಎಂದಿತು. ಅಡುಗೆಮನೆಯ ಕಡೆ ತಟ್ಟಿದಾಗ ಡಬ್ ಎಂದಿತು, ಒಳಗೆ ಯಾರೂ ಇಲ್ಲದ ಮನೆಯ ಕದ ಬಡಿದಂತೆ.

ಅಜ್ಜ ಬಗ್ಗಿ ತೊಗಟೆಯ ಸಂದಿನಲ್ಲಿ ಬೆರಳಾಡಿಸಿದರು. ಬೆರಳಿಗೆ ಪುಡಿ ಹತ್ತಿತು. ಕೆಳಗೆ ನೆಲ ನೋಡಿದರು. ನೆಲದ ಮೇಲೆ ಪುಡಿ ಇರಲಿಲ್ಲ.

“ಇಲ್ಲಿ ಕಸ ಹೊಡಿಯೋರು ಯಾರು?”

“ನಾನ ರಿ, ಅಜ್ಜಾರ.”

“ಚಲೋ ಹೊಡದೀ.”

ಅಷ್ಟೇ ಅಂದು ಅಜ್ಜ ಕೈ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಅಡಿವೆಪ್ಪನ ಕೈ ತಾನಾಗಿ ಪೊರಕೆಯನ್ನು ಬೆನ್ನ ಹಿಂದೆ ಸರಿಸಿತು.

“ಅಜ್ಜಾರ” ಎಂದ. “ನಾ ನೋಡಿದ್ದೆರಿ. ಪುಡಿ ನೋಡಿದ್ದೆ. ಅಣಬಿ ಕಿತ್ತು ಒಗದೆ. ನೆಲ ಬಿರದಿತ್ತು, ಮಣ್ಣು ಎಳದೆ. ಯಾರಿಗೂ ಹೇಳಲಿಲ್ಲರಿ. ವ್ರತ ಇತ್ತಲ್ಲರಿ.”

“ಇಷ್ಟ?”

ಅಡಿವೆಪ್ಪ ನೆಲ ನೋಡಿದ. “ಇಷ್ಟರಿ.”

ಅಜ್ಜ ಅವನನ್ನು ತುಸು ಹೊತ್ತು ನೋಡಿದರು. ಸಿಟ್ಟಿನ ನೋಟವಲ್ಲ. ಜ್ವರ ಬಂದ ಮಗುವನ್ನು ನೋಡುವ ನೋಟ.

“ನಾನೂ ನಲವತ್ತು ವರ್ಷ ಇದರ ಬುಡದಾಗ ಕುಂತು ಪ್ರವಚನ ಹೇಳೇನಿ” ಎಂದರು. “ಮ್ಯಾಲಿನ ನೆರಳು ನೋಡಿದೆ. ಬುಡ ನೋಡ್ಲಿಲ್ಲ. ಬಾ, ಮೊದಲ ಮುಳ್ಳು ಹಾಕೋಣ. ಇನ್ನೂ ಮಂದಿ ಇದರ ಕೆಳಗ ಓಡಾಡತಾರ.”

ಗುರು ಶಿಷ್ಯರಿಬ್ಬರೂ ಜಾಲಿಮುಳ್ಳು ಕಡಿದು ತಂದು ಮರದ ಸುತ್ತ ದೂರದವರೆಗೂ ಬೇಲಿ ಹಾಕಿದರು. ಅಜ್ಜನ ಅಂಗೈಗೆ ಮುಳ್ಳು ಚುಚ್ಚಿ ರಕ್ತ ಬಂತು. ಅಡಿವೆಪ್ಪ ಅದನ್ನು ತೆಗೆಯುವಾಗ ಅತ್ತ. ಮುಳ್ಳಿಗಾಗಿ ಎಂದು ಅಜ್ಜ ತಿಳಿದುಕೊಂಡವರ ಹಾಗೆ ಸುಮ್ಮನಿದ್ದರು.

ಮರ ಕಡಿಸಲು ಅಜ್ಜ ಹೇಳಿ ಕಳಿಸಿದ್ದರಿಂದ ಆಚೆ ದಡದಿಂದ ಲಾಲಸಾಬ ಬಂದ. ಮರ ಇಳಿಸುವುದರಲ್ಲಿ ಆ ಸೀಮೆಗೆಲ್ಲ ಅವನದೇ ಕೈ. ಜೊತೆಗೆ ಇಬ್ಬರು ಅಳಿಯಂದಿರು, ಹಗ್ಗದ ಸುರುಳಿಗಳು, ಇಬ್ಬರು ಎಳೆಯುವ ಉದ್ದನೆಯ ಗರಗಸ.

ಲಾಲಸಾಬ ಸಂದಿನಲ್ಲಿ ಕೈ ಹಾಕಿದ. ಮೊಳಕೈವರೆಗೆ ಹೋಯಿತು. ಭುಜದವರೆಗೆ ಹೋಯಿತು. ಒಳಗಿನಿಂದ ಒಂದು ಹಿಡಿ ತೆಗೆದು ತೋರಿಸಿದ. ಒದ್ದೆ ಬೆಲ್ಲದ ಹಾಗೆ ಹಿಚುಕಿದರೆ ಹಿಚುಕುತ್ತಿತ್ತು.

“ಎಲಿ ಹಸರ ಅದಾವಲ್ಲ?” ಎಂದ ಅಡಿವೆಪ್ಪ.

“ಮರ ಉಣ್ಣೂದು ತೊಗಟಿ ಕೆಳಗಿಂದ. ನಿಲ್ಲೂದು ಒಳಗಿನ ತಿರುಳಿನ ಮ್ಯಾಲ. ಉಂಡು ತಿಂದು ಹಸರಾಗಿರತೈತಿ ತಮ್ಮಾ, ನಿಲ್ಲಾಕ ಬಲ ಇರೂದಿಲ್ಲ.”

“ಬುಡಕ್ಕ ಗರಗಸ ಹಚ್ಚಿ ಹೊಳಿ ಕಡೆ ಕೆಡವಿದ್ರ ಆತಲ್ಲ?”

ಲಾಲಸಾಬ ತಲೆಯಾಡಿಸಿದ. “ಗಟ್ಟಿ ಮರ ಹೇಳಿದ ಕಡೆ ಬೀಳತೈತಿ. ಕಚ್ಚು ಹಾಕಿ ನಡುವ ಒಂದು ಹಿಡಿ ತಿರುಳು ಬಿಟ್ರ, ಬಾಗಲದ ಕೀಲಿನಂಗ ತಿರುಗಿ ಮೆಲ್ಲಕ ಮಕ್ಕೋತೈತಿ. ಪೊಳ್ಳು ಮರಕ್ಕ ಕೀಲು ಎಲ್ಲಿಂದ ತರೂದು? ಅದು ಯಾರ ಮಾತೂ ಕೇಳೂದಿಲ್ಲ.”

ಆ ಸಂಜೆ ಲಾಲಸಾಬ ಮರದ ಸುತ್ತ ನಡೆದು ಗಟ್ಟಿಯಾಗಿ ಹೇಳಿದ. “ಗಿಳಿಗಳ್ರಾ, ಗೂಗಿಗಳ್ರಾ, ನಾಳಿಂದ ಈ ಮನೀ ಬಿಡ್ರಿ. ಆಚೆ ದಡದಾಗ ಜಾಗ ಐತಿ.” ಅವರ ಮನೆತನದ ಪದ್ಧತಿ ಅದು, ಹೇಳದೆ ಅವರು ಗರಗಸ ಇಡುವುದಿಲ್ಲ. ಅಜ್ಜ ಬುಡಕ್ಕೆ ಒಂದು ಕೊಡ ನೀರು ಹಾಕಿದರು. ಸಾಯುವ ಮರಕ್ಕೆ ನೀರೇಕೆಂದು ಯಾರೂ ಕೇಳಲಿಲ್ಲ.

ಎರಡು ದಿನ ಕೊಂಬೆಗಳ ಕೆಲಸ. ಹೊಳೆಮತ್ತಿಯನ್ನು ಯಾರೂ ಹತ್ತಲಿಲ್ಲ. ಪಕ್ಕದ ಬೇವಿನ ಮರ ಹತ್ತಿ, ಬಿದಿರ ಗಳದ ತುದಿಗೆ ಗರಗಸ ಕಟ್ಟಿ, ಹಗ್ಗ ಬಿಗಿದು, ತುದಿಯಿಂದ ಶುರುಮಾಡಿ ಒಂದೊಂದೇ ಕೊಂಬೆಯನ್ನು ಕೂಸಿನ ಹಾಗೆ ಇಳಿಸಿದರು. ಮೂರನೆಯ ದಿನಕ್ಕೆ ಬೋಳು ಬೊಡ್ಡೆಯೊಂದು ಉಳಿಯಿತು. ಅದರ ನೆತ್ತಿಗೆ ಹಗ್ಗದ ಕುಣಿಕೆ ಹಾಕಿ, ಇನ್ನೊಂದು ತುದಿಯನ್ನು ಹೊಳೆಯ ಕಡೆಯ ಹುಣಸೆಗೆ ಜಗ್ಗಿ ಬಿಗಿದರು.

ಲಾಲಸಾಬ ಮೊದಲು ಗರಗಸ ಮುಟ್ಟಲಿಲ್ಲ. ಬೊಡ್ಡೆಯ ಹಿಂದೆ ಓರೆಯಾಗಿ ಎರಡು ದಾರಿ ಮಾಡಿಸಿದ. ಕಲ್ಲು ಆರಿಸಿದ, ಬೇರು ಕಡಿದ.

“ಇವು ಯಾಕ?” ಎಂದ ಅಡಿವೆಪ್ಪ.

“ಓಡಾಕ. ಓಡೂ ದಾರಿ ಮೊದಲ, ಗರಗಸ ಆಮ್ಯಾಲ.” ಆಮೇಲೆ ಅಜ್ಜನ ಕಡೆ ತಿರುಗಿದ. “ಅಜ್ಜಾರ, ಕೂಗವ ಒಬ್ಬ ಬೇಕ್ರಿ. ಎಳಿಯೋರಿಗೆ ಗರಗಸ ಬಿಟ್ರ ಏನೂ ಕಾಣೂದಿಲ್ಲ. ದೂರ ನಿಂತು ಮರ ನೋಡಿ ಕೂಗಬೇಕು. ಇಷ್ಟು ದಿನ ನನ್ನ ತಮ್ಮ ಕೂಗತಿದ್ದ. ಹೋದ ವರ್ಷ ತೀರಿಹೋದ.”

“ಅಡಿವೆಪ್ಪ ಕೂಗತಾನ” ಎಂದರು ಅಜ್ಜ.

ಅಡಿವೆಪ್ಪ ಅಜ್ಜನನ್ನು ಬದಿಗೆ ಕರೆದು ಕೈ ಹಿಡಿದುಕೊಂಡ.

“ಅಜ್ಜಾರ, ನನ್ನ ಮ್ಯಾಲ ಮೂರು ಜೀವ ಹಾಕಬ್ಯಾಡ್ರಿ. ಬ್ಯಾರೆ ಯಾರರೆ ಕೂಗಲಿ.”

“ಯಾಕ? ನಿನ್ನ ಧ್ವನಿ ಆಚೆ ದಡಕ್ಕ ಕೇಳತೈತಿ.”

“ಅದಲ್ಲರಿ...”

“ಮತ್ತೇನು?”

ಕೊಂಬೆ ಬೀಳುವ ಮುಂಚಿನ ಆ ಒಂದು ಉಸಿರಿನ ಮಾತು. ಹೊರಗೆ ಬರಲಿಲ್ಲ.

ಅಜ್ಜ ಕೈ ಬಿಡಿಸಿಕೊಂಡು ದೂರದ ಕಲ್ಲಿನ ಮೇಲೆ ಹೋಗಿ ಕೂತರು.

ಲಾಲಸಾಬ ಅಡಿವೆಪ್ಪನನ್ನು ಹೆಗಲು ಹಿಡಿದು ಒಂದು ಜಾಗದಲ್ಲಿ ನಿಲ್ಲಿಸಿದ. “ಗರಗಸ ನೋಡಬ್ಯಾಡ. ನನ್ನ ನೋಡಬ್ಯಾಡ. ಅಜ್ಜಾರ್ನೂ ನೋಡಬ್ಯಾಡ. ಕೂಗವ ಮರಾನ ನೋಡಬೇಕು.”

ಗರಗಸ ಶುರುವಾಯಿತು. ಅಳಿಯಂದಿರು ಮೊಣಕಾಲೂರಿ ಎಳೆದರು. ಲಾಲಸಾಬ ಅವರ ಪಕ್ಕ ನಿಂತು ಸೀಳಿಗೆ ಬೆಣೆ ಹೊಡೆಯುತ್ತಿದ್ದ.

ಸ್ವಲ್ಪ ಹೊತ್ತಿಗೆ ಬೊಡ್ಡೆಯ ಪೊಟರೆಯಿಂದ ಒಂದು ಹಲ್ಲಿ ಸರಕ್ಕನೆ ಹೊರಬಂತು.

“ಓಡ್ರೀ!”

ಮೂವರೂ ಗರಗಸ ಬಿಟ್ಟು ದಾರಿ ಹಿಡಿದು ಓಡಿದರು. ಮರ ಅಲುಗಲಿಲ್ಲ. ಹಲ್ಲಿ ತಿರುಗಿ ಒಳಗೆ ಹೋಯಿತು. ಅಳಿಯಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲಾಲಸಾಬ ನಗಲಿಲ್ಲ. ನೀರು ಕುಡಿದು ಮತ್ತೆ ಬೆಣೆ ಹಿಡಿದ.

ಇನ್ನೊಂದು ಸಲ ಒಳಗೆ ಎಲ್ಲೋ ಟಪ್ ಎಂದಿತು.

“ಓಡ್ರೀ!”

ಓಡಿದರು. ಕಾದರು. ಏನೂ ಇಲ್ಲ.

“ಹಿಂಗ ಓಡಿಸಿದ್ರ ಮರ ಬೀಳೂದಿಲ್ಲೋ ಮಾರಾಯಾ, ನಾವ ಬೀಳತೇವಿ” ಎಂದ ದೊಡ್ಡಳಿಯ. ಸಣ್ಣಳಿಯ ಉಗುಳಿ ಗರಗಸ ಎತ್ತಿಕೊಂಡ. ಅಡಿವೆಪ್ಪನ ಕಿವಿ ಬಿಸಿಯಾದವು. ಆಶ್ರಮದ ಮಂದಿಯೂ ಬೇಲಿಯಾಚೆ ನಿಂತು ನೋಡುತ್ತಿದ್ದರು.

ಗರಗಸ ಮತ್ತೆ ಎಳೆಯತೊಡಗಿತು.

ಆಗ ಅಡಿವೆಪ್ಪನಿಗೆ ಬೊಡ್ಡೆಯ ನಡುಮೈಯಲ್ಲಿ ಒಂದು ಗೆರೆ ಕಂಡಿತು. ಕೂದಲೆಳೆಯಷ್ಟು. ಮೊದಲು ಇತ್ತೋ ಇಲ್ಲವೋ ತಿಳಿಯಲಿಲ್ಲ. ಬಾಯಿ ತೆರೆದ. ಮೂರನೆಯ ಸಲವೂ ಸುಳ್ಳಾದರೆ? ಮತ್ತೆ ನಕ್ಕರೆ? ಇನ್ನೊಂದು ಚೂರು ನೋಡಿ ಕೂಗಿದರಾಗದೇ?

ಅದೇ ಉಸಿರು ಅದು. ಅದರ ರುಚಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಓಡ್ರೀ! ಓಡ್ರೀ!”

ಮೂವರೂ ಓಡಿದರು. ಬೊಡ್ಡೆ ನಿಂತೇ ಇತ್ತು. ಒಂದು ಗಳಿಗೆ, ಎರಡು ಗಳಿಗೆ. ಬೇಲಿಯಾಚೆ ಯಾರೋ ಕಿಸಕ್ಕೆಂದರು. ಸಣ್ಣಳಿಯ ಗೊಣಗುತ್ತ ಗರಗಸದ ಕಡೆ ಹೆಜ್ಜೆ ಹಾಕಿದ. ಲಾಲಸಾಬ ಅಡ್ಡ ಕೈ ಚಾಚಿ ಅವನ ಎದೆಗೆ ತಡೆಯಿಟ್ಟ.

ಬೊಡ್ಡೆ ಬುಡದಿಂದ ನೆತ್ತಿಯವರೆಗೆ ಫಡಾರ್ ಎಂದು ಸೀಳಿತು. ಒಂದು ಹೋಳು ಹಗ್ಗದ ಮಾತು ಕೇಳಿ ಹೊಳೆಯ ಕಡೆ ಹೋಯಿತು. ಇನ್ನೊಂದು ಹೋಳು ಹಿಂದಕ್ಕೆ ವಾಲಿ, ಅಳಿಯಂದಿರು ಮೊಣಕಾಲೂರಿದ್ದ ಜಾಗದ ಮೇಲೆ ಬಂದು ಕೂತಿತು. ಗರಗಸ ಕಡ್ಡಿಯ ಹಾಗೆ ಮುರಿಯಿತು.

ಧೂಳು ಅಡಗಿತು. ಆಮೇಲೆ ಸಣ್ಣಳಿಯ ಬಂದು ಅಡಿವೆಪ್ಪನನ್ನು ತಬ್ಬಿಕೊಂಡ.

“ಎರಡು ಸಲ ಸುಳ್ಳ ಕೂಗಿದೆ” ಎಂದ ಅಡಿವೆಪ್ಪ, ಲಾಲಸಾಬನಿಗೆ.

“ಸುಳ್ಳ ಕೂಗಿಗೆ ಯಾರೂ ಸತ್ತಿಲ್ಲೋ ತಮ್ಮಾ” ಎಂದ ಲಾಲಸಾಬ. “ನನ್ನ ತಮ್ಮ ಹತ್ತರಾಗ ಒಂಬತ್ತು ಸುಳ್ಳ ಕೂಗತಿದ್ದ.”

ಕೊಂಬೆ ಬಿದ್ದ ಹತ್ತನೆಯ ದಿನ ಬಾಳವ್ವನನ್ನು ಆಸ್ಪತ್ರೆಯಿಂದ ಆಶ್ರಮಕ್ಕೆ ಕರೆತಂದರು. ಕಾಲಿಗೆ ತೊಡೆಯವರೆಗೂ ಪಟ್ಟಿ. ಡಾಕ್ಟರು ಹೇಳಿ ಕಳಿಸಿದ್ದರು: ಎಲುಬು ಜೋಡಿಸಿದ್ದೇವೆ, ಕೂಡುವುದು ಆಕೆಯ ಕೈಯಲ್ಲಿದೆ. ಉಣ್ಣಬೇಕು, ಎದ್ದು ಕೂರಬೇಕು, ಮನಸ್ಸು ಮಾಡಬೇಕು. ಇಲ್ಲದಿದ್ದರೆ ಈಕೆ ಮತ್ತೆ ನಡೆಯುವುದಿಲ್ಲ.

ಬಾಳವ್ವ ಉಣ್ಣಲಿಲ್ಲ. ಎದ್ದು ಕೂರಲಿಲ್ಲ. ಗೋಡೆಗೆ ಮುಖಮಾಡಿ ಮಲಗಿದಳು. ಒಂದು ತಾಸು ಮಾತಾಡುತ್ತಿದ್ದ ಬಾಯಿಯಿಂದ ಈಗ ಹೂಂ, ಊಹೂಂ ಎರಡೇ ಬರುತ್ತಿದ್ದವು. ತುತ್ತು ಹಿಡಿದು ಹೋದವರೆಲ್ಲ ಬಟ್ಟಲು ಹಾಗೇ ಹಿಂದಕ್ಕೆ ತಂದರು.

“ಬಾಳವ್ವಗ ಹೇಳಿದಿ?” ಎಂದು ಅಡಿವೆಪ್ಪನನ್ನು ಕೇಳಿದರು ಅಜ್ಜ.

“ಇಲ್ಲರಿ.”

“ಹೇಳು.”

ಅಡಿವೆಪ್ಪ ಹೋಗಿ ಹಾಸಿಗೆಯ ಬಳಿ ಕೂತ. ಪುಡಿಯ ಮಾತು ಹೇಳಿದ. ಅಣಬೆಯ ಮಾತು ಹೇಳಿದ. ನೆಲ ಬಿರಿದದ್ದು, ಮಣ್ಣು ಎಳೆದದ್ದು ಎಲ್ಲ ಹೇಳಿದ.

ಬಾಳವ್ವ ತಿರುಗಲಿಲ್ಲ.

“ಹೋಗಲಿ ಬಿಡು ತಮ್ಮಾ. ದೈವ.”

ಅಡಿವೆಪ್ಪನಿಗೆ ತಲೆಯ ಮೇಲಿನ ಹೊರೆ ಇಳಿದಂತಾಯಿತು. ಅಜ್ಜನ ಬಳಿ ಓಡಿದ.

“ಅಜ್ಜಾರ, ಹೋಗಲಿ ಬಿಡು ಅಂದ್ಲರಿ!”

“ಹೌದಾ? ಯಾ ಕಡೆ ಮುಖ ಇತ್ತು?”

“ಗ್ವಾಡಿ ಕಡೆ.”

“ಧ್ವನಿ ಹೆಂಗ ಬಂತು?”

ಅಡಿವೆಪ್ಪ ನೆನಪಿಸಿಕೊಂಡ.

“ನಾಳೆ ಮತ್ತ ಹೋಗು” ಎಂದರು ಅಜ್ಜ.

ಮರುದಿನ ಹೋದ. ಅದನ್ನೇ ಇನ್ನಷ್ಟು ಅತ್ತು ಹೇಳಿದ. ತನ್ನನ್ನು ತಾನು ಪಾಪಿ ಎಂದ, ಮೂರ್ಖ ಎಂದ.

“ಹೋಗಲಿ ಬಿಡು ಅಂದೆನಲ್ಲ” ಎಂದಳು ಬಾಳವ್ವ, ಗೋಡೆಗೆ.

ಅಂದಿನ ಗಂಜಿಯ ಬಟ್ಟಲೂ ಹಾಗೇ ಹಿಂದಕ್ಕೆ ಬಂತು. ಅಡಿವೆಪ್ಪ ಅದನ್ನು ಅಜ್ಜನ ಮುಂದೆ ಇಟ್ಟ.

“ಇನ್ನೇನು ಹೇಳಲಿರಿ ಅಜ್ಜಾರ? ಎಲ್ಲಾ ಹೇಳಿದೆ.”

ಅಜ್ಜ ಬಟ್ಟಲಿನ ಅಂಚಿಗೆ ಬೆರಳಿನಿಂದ ತಟ್ಟಿದರು. ತುಂಬಿದ ಬಟ್ಟಲು ಸದ್ದು ಮಾಡಲಿಲ್ಲ. ಅಜ್ಜ ಎದ್ದು ಗುಡಿಗೆ ಹೋದರು.

ಮೂರನೆಯ ದಿನ ಅಡಿವೆಪ್ಪ ಬಾಗಿಲಲ್ಲಿ ಬಹಳ ಹೊತ್ತು ನಿಂತ. ಆಮೇಲೆ ಒಳಗೆ ಹೋದ. ಅಳಲಿಲ್ಲ. ಕೈ ಮುಗಿಯಲೂ ಇಲ್ಲ.

“ಬಾಳಕ್ಕಾ, ಇನ್ನೊಂದು ಐತಿ. ಅಜ್ಜಾರಿಗೂ ಹೇಳಿಲ್ಲ.”

ಬೆನ್ನು ಅಲುಗಲಿಲ್ಲ.

“ಆವತ್ತ ಮ್ಯಾಲ ಕಿರ್ ಅಂದಿದ್ದು ನನಗ ಕೇಳಿತ್ತು. ಬೀಳೂಕಿಂತ ಮೊದಲ. ಬಾಯಿ ತಗದಿದ್ದೆ. ಕೂಗಿದ್ರ ನೀ ಏಳತಿದ್ದಿ. ನಲವತ್ತಮೂರು ದಿನ ಆಗಿತ್ತಲ್ಲಂತ ನೆನಪಾತು. ಬಾಯಿ ಮುಚ್ಚಿದೆ. ಆಮ್ಯಾಲ ಬಿತ್ತು.”

ಹೊರಗೆ ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು. ಗಡಗಡೆ ಎರಡು ಸಲ ತಿರುಗಿತು.

ಬಾಳವ್ವ ಹೊರಳಿದಳು. ಮೊಳಕೈ ಊರಿದಳು. ಹಲ್ಲು ಕಚ್ಚಿ ಎದ್ದು ಕೂತಳು. ತಲೆದೆಸೆಯಲ್ಲಿದ್ದ ನೀರಿನ ತಂಬಿಗೆ ಎತ್ತಿದಳು. ನೀರಿನ ಸಮೇತ ಬೀಸಿ ಒಗೆದಳು.

“ನಾ ನೋಡೇನಲೇ!” ಎಂದಳು. “ಬಾಯಿ ತಗದಿದ್ದು ನೋಡೇನಿ. ಮುಚ್ಚಿದ್ದೂ ನೋಡೇನಿ. ದಿನಾ ನಿನಗ ಗಂಜಿ ತಂದು ಕೊಟ್ಟೇನಲೇ ನಾನು! ಪುಡಿ ಅಂತ, ಅಣಬಿ ಅಂತ! ಆ ಪುಡಿ ತಗೊಂಡು ನಾ ಏನು ಮಾಡ್ಲಿ? ಇವ ಇವತ್ತ ಹೇಳತಾನ, ನಾಳೆ ಹೇಳತಾನಂತ ಗ್ವಾಡಿ ನೋಡಿಕೋತ ಬಿದ್ದೇನಿ.”

ಆಮೇಲೆ ಶುರುವಾಯಿತು. ಅವನ ವ್ರತಕ್ಕೆ ಬೈದಳು. ಅವನ ಮುಖಕ್ಕೆ ಬೈದಳು. ತನ್ನ ಸತ್ತ ಗಂಡನನ್ನೂ ನಡುವೆ ಎಳೆದು ತಂದು ಬೈದಳು. ಬೈಯುತ್ತ ಬೈಯುತ್ತ ಅತ್ತಳು. ಅಳುತ್ತ ಅಳುತ್ತ ಮತ್ತೆ ಬೈದಳು. ಹೇಳಲು ಬಾಯಿ ಇದ್ದೂ ಅಡಿವೆಪ್ಪ ಒಂದು ಮಾತೂ ಆಡದೆ ಕೂತು ಕೇಳಿದ. ಮೈಯೆಲ್ಲ ಒದ್ದೆಯಾಗಿತ್ತು.

ಹೊತ್ತು ಇಳಿಯುವಾಗ ಬಾಳವ್ವನ ಗಂಟಲು ಒಣಗಿತು.

“ಏನು ನೋಡತಿ? ನೀರು ತಾ. ಒಂದು ಬಟ್ಟಲ ಗಂಜೀನೂ ತಾ. ಬೈದು ಬೈದು ಹಸಿವಾಗೈತಿ.”

ತಂದ. ಕುಡಿದಳು.

“ನಾಳೆ ಬಾ. ಇನ್ನೂ ಮುಗದಿಲ್ಲ.”

ಅಡಿವೆಪ್ಪ ಅಜ್ಜನ ಬಳಿ ಬಂದ. ಹೊಳೆಮತ್ತಿ ಇದ್ದ ಜಾಗದಲ್ಲಿ ಈಗ ಬರೀ ಬಿಸಿಲು. ಅಜ್ಜ ಅಲ್ಲೇ ಕೂತಿದ್ದರು. ಅಡಿವೆಪ್ಪನ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟಿ ಎದ್ದಿತ್ತು.

ಅವನು ಎಲ್ಲ ಹೇಳಿದ. ಉಸಿರಿನ ಮಾತನ್ನು ಮೊದಲು ಹೇಳಿದ. ಅಜ್ಜ ಕಣ್ಣು ಮುಚ್ಚಿ ಕೇಳಿದರು.

“ತಪ್ಪು ಒಪ್ಪಿಕೊಂಡೆ ಅಜ್ಜಾರ. ಆದ್ರ ಅಕಿ ಕ್ಷಮಿಸಲಿಲ್ಲರಿ. ಬೈದಳು. ತಂಬಿಗಿ ತಗೊಂಡು ಒಗದ್ಲು. ನಾಳೆ ಮತ್ತ ಬೈತಾಳಂತ.”

ಅಜ್ಜ ಮೆಲ್ಲಗೆ ಅವನ ಹಣೆಯ ಬುಗುಟಿಯನ್ನು ಮುಟ್ಟಿ ನೋಡಿದರು.

“ಮಕ್ಕೊಂಡ ಒಗದ್ಲೋ, ಎದ್ದು ಕುಂತು ಒಗದ್ಲೋ?”

“ಎದ್ದು ಕುಂತರಿ.”

ಅಜ್ಜನ ಮುಖ ಅರಳಿತು.

“ಹಂಗಾದ್ರ ಕಾಲು ಕೂಡತೈತಿ ಬಿಡು.”